ಲತೀಫಾ ಅಂದರೆ ಬರೀ ಜೋಕೇ?



ಈ ತಿಂಗಳ ಪದವನ್ನು ಕಳಿಸಿದವರು ದಾವಣಗೆರೆಯ ಓದುಗ ಸಹೋದರಿಯೊಬ್ಬರು. ಅವರ ದೊಡ್ಡ ಮಗಳು ಆರನೆಯ ತರಗತಿ. ಉರ್ದು ಪಾಠದಲ್ಲಿ 'ಲತೀಫಾ' ಎಂಬ ಪದ ಬಂದಿದೆ. ಅರ್ಥ ಮತ್ತು ನಾಲ್ಕು ಸಮಾನಾರ್ಥಕ ಪದ ಬರೆದುಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದಾರೆ. ತಾಯಿ ರೊಟ್ಟಿ ತಟ್ಟುತ್ತಲೇ "ಲತೀಫಾ ಅಂದರೆ ಜೋಕು, ಬರ್ಕೋ" ಅಂದರಂತೆ. ಹುಡುಗಿ ಬರೆಯಲಿಲ್ಲ. "ಹಾಗಾದರೆ ನಮ್ಮ ಲತೀಫಾ ಖಾಲಾ ಹೆಸರಿನ ಅರ್ಥ ಜೋಕಾ?" ಎಂದು ಕೇಳಿದಳಂತೆ.

ಇಷ್ಟೇ ಆಗಿದ್ದರೆ ಅರ್ಧ ಪುಟದಲ್ಲಿ ಉತ್ತರ ಮುಗಿಸಬಹುದಿತ್ತು. ಆದರೆ ಪತ್ರದ ಕೊನೆಯಲ್ಲಿ, ಸಹಿ ಹಾಕಿದ ಮೇಲೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆಯಿದೆ. ಈ ಸಹೋದರಿಗೆ ಮೂವರು ಹೆಣ್ಣುಮಕ್ಕಳು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಗಂಡನ ಮನೆಯವರೊಬ್ಬರು ಇವರ ಮನೆಯನ್ನು 'ಬಳೆ ಅಂಗಡಿ' ಎನ್ನುತ್ತಾರಂತೆ. ಎಲ್ಲರೂ ನಗುತ್ತಾರೆ. ಇವರ ಮುಖ ಸಪ್ಪಗಾದರೆ "ಮಜಾಖ್ ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎನ್ನುತ್ತಾರೆ. ಮುಂದಿನ ಈದ್‌ಗೆ ಮತ್ತೆ ಅದೇ ಬಳೆ ಅಂಗಡಿ. "ಇದೂ ಲತೀಫಾನೇ ಏನು? ಇದಕ್ಕೆ ಸರಿಯಾದ ಪದ ಯಾವುದು ಎಂದು ತಿಳಿಸಿ" ಎಂದು ಬರೆದಿದ್ದಾರೆ.

ಮೊದಲು ಮಗಳ ಪ್ರಶ್ನೆ. ತಾಯಿಯದಕ್ಕೆ ಆಮೇಲೆ ಬರೋಣ.

ಲತೀಫಾ ಅರಬಿ ಪದ. ಅದರ ಬೇರು ಲಾಮ್, ತಾ, ಫಾ ಎಂಬ ಮೂರು ಅಕ್ಷರಗಳಲ್ಲಿದೆ. ಈ ಬೇರಿನಿಂದ ಹುಟ್ಟಿದ ಪದಗಳು ನಮ್ಮ ಮನೆಗಳಲ್ಲಿ ಎಷ್ಟಿವೆ ನೋಡಿ: ಲತೀಫ್, ಲುತ್ಫ್, ಲತಾಫತ್, ಅಲ್ತಾಫ್, ಲುತ್ಫುಲ್ಲಾ. ಬೇರಿನ ಮೂಲ ಭಾವ ನವಿರು, ಸೂಕ್ಷ್ಮ, ಮೃದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು, ಕೈಗೆ ಒರಟಾಗಿ ತಾಗದಷ್ಟು ಮೃದುವಾದುದು. ಅದರಿಂದಲೇ ದಯೆ ಎಂಬ ಅರ್ಥವೂ ಬಂತು. ಸದ್ದಿಲ್ಲದೆ ಮಾಡುವ ಉಪಕಾರ ಲುತ್ಫ್. ಉರ್ದುವಿನಲ್ಲಿ ಲುತ್ಫ್ ಎಂದರೆ ಸವಿ, ಆನಂದ ಕೂಡ.

'ಅಲ್ಲತೀಫ್' ಅಲ್ಲಾಹನ ನಾಮಗಳಲ್ಲೊಂದು ಎಂಬುದು ನಿಮಗೆ ಗೊತ್ತೇ ಇದೆ. ಕುರ್‌ಆನಿನಲ್ಲಿ ಲುಕ್ಮಾನರು ಮಗನಿಗೆ ಹೇಳುವ ಬುದ್ಧಿಮಾತಿನಲ್ಲಿ (31:16) ಈ ಪದ ಬರುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುತ್ತಾನೆ, ಅವನು ಲತೀಫ್ ಎಂದು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕೈಜಾರಿ ಬಿದ್ದು, ಮೂರು ದಿನ ಗುಡಿಸಿದರೂ ನಾಲ್ಕನೆಯ ದಿನ ಇನ್ನೂ ಎರಡು ಕಾಳು ಸಿಕ್ಕಿದ ಅನುಭವ ಇರುವವರಿಗೆ ಆ ಉಪಮೆ ಬೇಗ ಅರ್ಥವಾಗುತ್ತದೆ.

ಶುಕ್ರವಾರ ಸೂರಃ ಅಲ್ ಕಹ್ಫ್ ಓದುವವರು ಇನ್ನೊಂದನ್ನು ಗಮನಿಸಿರಬಹುದು. 19ನೆಯ ಆಯತ್‌ನಲ್ಲಿ 'ವಲ್‌ಯತಲತ್ತಫ್' ಎಂಬ ಪದವನ್ನು ಕೆಲವು ಮುದ್ರಣಗಳಲ್ಲಿ ದಪ್ಪಕ್ಷರದಲ್ಲೋ ಕೆಂಪಕ್ಷರದಲ್ಲೋ ಅಚ್ಚು ಮಾಡಿರುತ್ತಾರೆ. ಕುರ್‌ಆನಿನ ನಟ್ಟನಡುವೆ ಬರುವ ಪದ ಅದೇ ಎಂಬ ಸಾಂಪ್ರದಾಯಿಕ ಎಣಿಕೆಯೇ ಇದಕ್ಕೆ ಕಾರಣ. ಗುಹೆಯ ಯುವಕರು ಎಚ್ಚೆತ್ತು ತಮ್ಮಲ್ಲೊಬ್ಬನನ್ನು ಬೆಳ್ಳಿ ನಾಣ್ಯ ಕೊಟ್ಟು ಊಟ ತರಲು ಕಳಿಸುವಾಗ ಹೇಳುವ ಮಾತು ಅದು. ಹುಷಾರಾಗಿ, ನಯವಾಗಿ ವ್ಯವಹರಿಸು ಎಂದು. ಅದೂ ಲತೀಫಾದ ಒಡಹುಟ್ಟು.

ಹಾಗಾದರೆ ನವಿರು ಎಂಬ ಪದ ನಗುವಿಗೆ ಹೇಗೆ ಬಂತು? ಲತೀಫಾ ಎಂದರೆ ಮೊದಲು ಸೂಕ್ಷ್ಮವಾದ ಸಂಗತಿ, ನವಿರಾದ ಮಾತು. ಕೇಳಿದ ಕೂಡಲೇ ಅಲ್ಲ, ಅರೆಗಳಿಗೆ ಬಿಟ್ಟು ಹೊಳೆಯುವಂಥದು. ಸೂಫಿಗಳು ಮನುಷ್ಯನೊಳಗಿನ ಸೂಕ್ಷ್ಮ ಕೇಂದ್ರಗಳಿಗೂ ಲತೀಫಾ ಎಂದೇ ಹೆಸರಿಟ್ಟರು, ಬಹುವಚನದಲ್ಲಿ ಲತಾಯಿಫ್. ಹಾಗೆ ಹೊಳೆದು ನಗಿಸುವ ಚಿಕ್ಕ ಪ್ರಸಂಗಕ್ಕೂ ಅದೇ ಹೆಸರು ನಿಂತಿತು. ಆದ್ದರಿಂದ ಮಗಳೇ, ನಿನ್ನ ಖಾಲಾ ಹೆಸರಿನ ಅರ್ಥ ಜೋಕಲ್ಲ. ನವಿರಾದವಳು, ಮೃದು ಸ್ವಭಾವದವಳು ಎಂದು ಅರ್ಥ. ಜೋಕಿಗೇ ನಿನ್ನ ಖಾಲಾ ಹೆಸರನ್ನು ಇಟ್ಟಿದ್ದಾರೆ.

ಈಗ ಸಮಾನಾರ್ಥಕ ಪದಗಳು. ಟೀಚರ್ ಕೇಳಿದ್ದು ನಾಲ್ಕು. ನಾನು ಸ್ವಲ್ಪ ಹೆಚ್ಚೇ ಕೊಡುತ್ತೇನೆ, ಬೇಕಾದ್ದನ್ನು ಆರಿಸಿಕೊಳ್ಳಲಿ.

ಗಲ್ಫ್‌ನಲ್ಲಿ ಇರುವವರು, ಇದ್ದು ಬಂದವರು ಜೋಕಿಗೆ ಅರಬರು 'ನುಕ್ತಾ' ಎನ್ನುವುದನ್ನು ಕೇಳಿರುತ್ತಾರೆ. ಇದರ ಬೇರಿನ ಅರ್ಥ ಕೋಲಿನಿಂದ ನೆಲ ಗೀರುವುದು. ಏನನ್ನೋ ಯೋಚಿಸುತ್ತಾ ಕುಳಿತವನು ಸುಮ್ಮನೆ ನೆಲ ಕೆದಕುತ್ತಾನಲ್ಲ, ಅದು. ಅಲ್ಲಿಂದ ಗುರುತು, ಸೂಕ್ಷ್ಮವಾದ ಅಂಶ, ಕೊನೆಗೆ ಚಮತ್ಕಾರದ ಮಾತು. ಉರ್ದುವಿನಲ್ಲಿ ನುಕ್ತಾ ಇನ್ನೂ ಸೂಕ್ಷ್ಮಾಂಶವಾಗಿಯೇ ಉಳಿದಿದೆ. 'ನುಕ್ತಾಚೀನಿ' ಎಂದರೆ ಎಲ್ಲದರಲ್ಲೂ ಹುಳುಕು ಹುಡುಕುವುದು. ಅಕ್ಷರದ ಮೇಲೆ ಕೆಳಗೆ ಇಡುವ ಚುಕ್ಕೆ ಬೇರೆ ಪದ, ಅದನ್ನು ದೊಡ್ಡ ಖಾಫ್‌ನಿಂದ ಬರೆಯಬೇಕು. ಮಕ್ಕಳು ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುತ್ತಾರೆ, ನೋಡಿಕೊಳ್ಳಿ.

ಅರಬಿಯಲ್ಲಿ 'ಮಿಲ್‌ಹ್' ಎಂದರೆ ಉಪ್ಪು. ಅದೇ ಬೇರಿನ 'ಮುಲ್‌ಹಾ' ಎಂದರೆ ರಸವತ್ತಾದ ಮಾತು. 'ನಾದಿರ್' ಎಂದರೆ ಅಪರೂಪದ್ದು, ಅದರ ಬಹುವಚನ 'ನವಾದಿರ್' ಎಂದರೆ ಹಾಸ್ಯ ಪ್ರಸಂಗಗಳು. ಜುಹಾನ ನವಾದಿರ್ ಅರಬರ ಮನೆಮಾತು. ಆ ಜುಹಾನನ್ನೇ ತುರ್ಕಿಯವರು ನಸ್ರುದ್ದೀನ್ ಹೋಜಾ ಎಂದೂ ನಾವು ಮುಲ್ಲಾ ನಸ್ರುದ್ದೀನ್ ಎಂದೂ ಕರೆಯುತ್ತೇವೆ. ಇಬ್ಬರ ಕಥೆಗಳೂ ಎಷ್ಟೋ ಕಾಲದಿಂದ ಒಂದಕ್ಕೊಂದು ಬೆರೆತುಹೋಗಿವೆ. ತುರ್ಕಿಯ ಅಕ್‌ಶೆಹಿರ್ ಪಟ್ಟಣದಲ್ಲಿ ಅವನದೆನ್ನುವ ಗೋರಿ ಇದೆ. ಬಾಗಿಲಿಗೆ ದೊಡ್ಡ ಬೀಗ, ಸುತ್ತ ಗೋಡೆಯೇ ಇಲ್ಲ! ನಸ್ರುದ್ದೀನನ ಕಥೆ ಹೇಳುವ ಪರಂಪರೆಯನ್ನು 2022ರಲ್ಲಿ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಫುಕಾಹಾ'. ಹಾಸ್ಯ, ವಿನೋದ ಎಂದು ಅರ್ಥ. ಇದರ ಬೇರಿನಿಂದಲೇ 'ಫಾಕಿಹಾ', ಅಂದರೆ ಹಣ್ಣು. ನಿಮಗೆ ಬಾಯಿಪಾಠ ಇರುವ ಸೂರಃ ಯಾಸೀನನ್ನು ನೆನಪಿಸಿಕೊಳ್ಳಿ. 55ನೆಯ ಆಯತ್‌ನಲ್ಲಿ ಸ್ವರ್ಗವಾಸಿಗಳು 'ಫಾಕಿಹೂನ್', ಅಂದರೆ ಉಲ್ಲಾಸದಲ್ಲಿರುವವರು. ಎರಡೇ ಆಯತ್ ದಾಟಿ 57ರಲ್ಲಿ ಅವರಿಗೆ 'ಫಾಕಿಹತುನ್', ಅಂದರೆ ಹಣ್ಣು. ಎಷ್ಟು ಸಲ ಓದಿದ್ದೇವೆ, ಎಷ್ಟು ಜನ ಗಮನಿಸಿದ್ದೇವೆ? ನಾನಂತೂ ಮೊದಲ ಸಲ ನಿಘಂಟಿನಲ್ಲಿ ನೋಡಿ, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಊಟದ ಮೇಲೆ ಹಣ್ಣು ಇಡುತ್ತೇವೆ. ಕೆಲಸದ ಮೇಲೆ ಒಂದು ನಗು.

ಇನ್ನು ನಾವು ದಿನಾ ಆಡುವ 'ಮಜಾಖ್'. ಉರ್ದು ಪುಸ್ತಕದಲ್ಲಿ ಅದು ಮಝಾಕ್. ನಮ್ಮ ಕಡೆಯ ದಖ್ಖನಿಯಲ್ಲಿ ದೊಡ್ಡ ಖಾಫ್ ಎಲ್ಲವೂ 'ಖ' ಆಗುವುದರಿಂದ ಮಜಾಖ್. ಇದರ ಮೂಲ ಅರ್ಥ ನಗುವಲ್ಲ, ನಾಲಗೆಯ ರುಚಿ. 'ಝಾಯಿಖಾ', 'ಝೌಖ್' ಎಲ್ಲ ಅದೇ ಬೇರಿನವು. ಪ್ರತಿಯೊಂದು ಜೀವವೂ ಸಾವಿನ ರುಚಿ ನೋಡಲಿದೆ ಎನ್ನುವ ಆಯತ್‌ನಲ್ಲಿ ಬರುವ 'ಝಾಯಿಖತು' ಕೂಡ ಇದೇ. 'ಮಜಾ' ಎಂಬುದು ಪಾರ್ಸಿ ಪದ, ಬೇರೆ ಮನೆತನದ್ದು. ಆದರೆ ಅದರ ಅರ್ಥವೂ ರುಚಿಯೇ! ಶುದ್ಧ ಹಾಸ್ಯಕ್ಕೆ ಅರಬಿಯ ಪದ 'ಮಿಝಾಹ್'. ತಿರ್ಮಿದಿಯವರ ಶಮಾಯಿಲ್ ಗ್ರಂಥದಲ್ಲಿ ಪ್ರವಾದಿವರ್ಯರ(ಸ) ಮಿಝಾಹ್‌ಗೇ ಒಂದು ಅಧ್ಯಾಯವಿದೆ. ಸವಾರಿಗೆ ಒಂಟೆ ಕೇಳಿಕೊಂಡು ಬಂದವನಿಗೆ ಅವರು ಒಂಟೆಯ ಮರಿಯನ್ನು ಕೊಡುತ್ತೇನೆ ಎಂದರು. ಮರಿ ಕಟ್ಟಿಕೊಂಡು ಏನು ಮಾಡಲಿ ಎಂದು ಅವನು ಪೇಚಾಡಿದ. ಯಾವ ಒಂಟೆಯಾದರೂ ಒಂದು ಒಂಟೆಯ ಮರಿಯೇ ಅಲ್ಲವೇ ಎಂಬುದು ಉತ್ತರ. ಆಡಿದ ಮಾತಿನಲ್ಲಿ ಸುಳ್ಳಿಲ್ಲ, ಬಂದವನಿಗೆ ಒಂಟೆಯೂ ಸಿಕ್ಕಿತು.

'ಝರಾಫತ್' ಎಂಬ ಇನ್ನೊಂದು ಪದವಿದೆ. ಝರೀಫ್ ಎಂದರೆ ಚತುರ, ಹಾಸ್ಯಪ್ರಜ್ಞೆಯುಳ್ಳವನು. ಅದೇ ಬೇರಿನ 'ಝರ್ಫ್' ಎಂದರೆ ಪಾತ್ರೆ! ಉರ್ದುವಿನಲ್ಲಿ ಮನಸ್ಸಿನ ಹಿರಿಮೆಗೂ ಝರ್ಫ್ ಎನ್ನುತ್ತಾರೆ. 'ಕಮ್‌ಝರ್ಫ್' ಎಂದರೆ ಸಣ್ಣ ಪಾತ್ರೆಯಂಥವನು, ಸ್ವಲ್ಪ ಸುರಿದರೂ ಚೆಲ್ಲುವವನು. ಮಿರ್ಝಾ ಗಾಲಿಬ್‌ನನ್ನು (1797–1869) ಅವನ ಶಿಷ್ಯ ಹಾಲಿ, ಮಾತನಾಡುವ ಪ್ರಾಣಿ ಎಂಬ ತರ್ಕಶಾಸ್ತ್ರದ ವ್ಯಾಖ್ಯೆಯನ್ನು ಸ್ವಲ್ಪ ತಿರುಗಿಸಿ, ಝರೀಫ್ ಪ್ರಾಣಿ ಎಂದು ಕರೆಯಬಹುದು ಎಂದರು. 1897ರಲ್ಲಿ ಹಾಲಿ ಬರೆದ 'ಯಾದ್‌ಗಾರೆ ಗಾಲಿಬ್'ನಲ್ಲಿ ಇಂಥ ಲತೀಫಾಗಳು ತುಂಬಿವೆ. ಹಾಲಿಯ ಪೂರ್ಣ ಹೆಸರು ಅಲ್ತಾಫ್ ಹುಸೇನ್, ಅಲ್ತಾಫ್ ಎಂದರೆ ಲುತ್ಫ್‌ನ ಬಹುವಚನ ಎಂಬುದನ್ನೂ ಸೇರಿಸಿಕೊಳ್ಳಿ.

ಅದರಲ್ಲಿನ ಒಂದನ್ನು ಹೇಳಲೇಬೇಕು, ಏಕೆಂದರೆ ಅದು ಕನ್ನಡದಲ್ಲೂ ಹಾಗೆಯೇ ಕೂರುತ್ತದೆ. ರಮಝಾನ್ ಮುಗಿದ ಮೇಲೆ ಗಾಲಿಬ್ ಕೋಟೆಗೆ ಹೋದಾಗ ಬಾದಶಹ, ಎಷ್ಟು ಉಪವಾಸ ಹಿಡಿದಿರಿ ಎಂದು ಕೇಳಿದ. ಒಂದು ಹಿಡಿದಿಲ್ಲ ಎಂದ ಗಾಲಿಬ್. ಒಂದು ಮಾತ್ರ ತಪ್ಪಿತೋ, ಒಂದೂ ಹಿಡಿಯಲಿಲ್ಲವೋ? ಕೇಳಿದವರು ಅವರವರಿಗೆ ಬೇಕಾದಂತೆ ಎಣಿಸಿಕೊಳ್ಳಬೇಕು. (ಉಪವಾಸದ ವಿಷಯದಲ್ಲಿ ಗಾಲಿಬ್ ಮಕ್ಕಳಿಗೆ ಮಾದರಿಯಲ್ಲ. ವ್ಯಾಕರಣದ ವಿಷಯದಲ್ಲಿ ಅಡ್ಡಿಯಿಲ್ಲ.) ಈ ಲತೀಫಾದಲ್ಲಿ ಸಿಕ್ಕಿಬಿದ್ದವನು ಯಾರು? ಹೇಳಿದವನೇ. ಬಾದಶಹನಿಗೂ ನಗು ಬಂದಿರಬೇಕು.

ನಗುವುದು, ನಗಿಸುವುದು ಗಂಭೀರ ಜನರ ಕೆಲಸವಲ್ಲ ಎಂದು ಯಾರಾದರೂ ಹೇಳಿದರೆ ಇಬ್ನುಲ್ ಜೌಝಿಯವರನ್ನು ನೆನಪಿಸಿ. ಬಗ್ದಾದಿನ ದೊಡ್ಡ ವಿದ್ವಾಂಸರು, ಉಪದೇಶಕರು, 1201ರಲ್ಲಿ ನಿಧನರಾದವರು. ಅವರು ದಡ್ಡರ ಪ್ರಸಂಗಗಳದ್ದೇ ಒಂದು ಪುಸ್ತಕ, ಜಾಣರ ಪ್ರಸಂಗಗಳದ್ದೇ ಇನ್ನೊಂದು ಪುಸ್ತಕ ಬರೆದಿದ್ದಾರೆ. ಜಾಣರ ಪುಸ್ತಕದಲ್ಲಿ ಹೆಂಗಸರೂ ಇದ್ದಾರೆ.

ಇನ್ನು ಕನ್ನಡ. 'ತಮಾಷೆ' ನಮಗೆ ಪಾರ್ಸಿಯಿಂದ ಬಂದದ್ದು. ಅದರ ಹಿಂದಿನ ಅರಬಿ ಪದದ ಅರ್ಥ ಜೊತೆಯಾಗಿ ನಡೆಯುವುದು. ನಾಲ್ಕು ಜನ ಸುತ್ತಾಡಲು ಹೋಗಿ ನೋಡುವ ನೋಟ ತಮಾಷೆಯಾಯಿತು. 'ಮೋಜು' ಅರಬಿಯ ಮೌಜ್, ಅಂದರೆ ಅಲೆ. ಸಂಸ್ಕೃತದಿಂದ ಬಂದ 'ವಿನೋದ' ಎಂದರೆ ದೂರ ತಳ್ಳುವುದು, ಮನಸ್ಸಿನ ಭಾರವನ್ನು ಆಚೆ ತಳ್ಳುವುದು. 'ಚಾಟೂಕ್ತಿ' ಎಂದರೆ ಕೇಳಲು ಹಿತವಾದ ಚಮತ್ಕಾರದ ಮಾತು. ಲತೀಫಾಕ್ಕೆ ಇದು ಬಹಳ ಹತ್ತಿರ, ಆದರೆ ಈಗ ಪುಸ್ತಕದಲ್ಲಿ ಮಾತ್ರ ಬದುಕಿದೆ. ಮನೆಯಲ್ಲಿ ನಾವು ಹಾರಿಸುವುದು 'ಚಟಾಕಿ'. ಒಗ್ಗರಣೆಗೆ ಬಿದ್ದ ಸಾಸಿವೆಯ ಸದ್ದು ಆ ಪದದಲ್ಲೇ ಕೇಳುತ್ತದೆ. 'ಚುಟುಕ' ಎಂದರೆ ಅಂಕೋಲೆಯ ದಿನಕರ ದೇಸಾಯಿ (1909–1982) ನೆನಪಾಗುತ್ತಾರೆ. ನಾಲ್ಕೇ ಸಾಲಿನ ಚೌಪದಿಗಳಿಂದ ಚುಟುಕ ಬ್ರಹ್ಮ ಎಂಬ ಹೆಸರು ಪಡೆದವರು. 'ನಗೆಹನಿ' ಪತ್ರಿಕೆಗಳು ಬಳಕೆಗೆ ತಂದ ಮುದ್ದಾದ ಪದ. ನಗೆಗೆಂದೇ ಒಂದು ಪತ್ರಿಕೆ, 'ಕೊರವಂಜಿ', 1942ರಲ್ಲಿ ಡಾ. ಎಂ. ಶಿವರಾಂ ಅವರಿಂದ ಶುರುವಾಗಿ 25 ವರ್ಷ ನಡೆದ ನಾಡು ನಮ್ಮದು.

ಮಗಳ ನಾಲ್ಕು ಪದ ಇಲ್ಲಿಗೆ ಆಯಿತು. ಉರ್ದು ಉತ್ತರಕ್ಕೆ ಚುಟ್ಕುಲಾ, ಮಝಾಕ್, ಮಿಝಾಹ್, ಝರಾಫತ್ ಎಂದು ಬರೆಯಲಿ. ಕನ್ನಡದಲ್ಲಿ ನಗೆಹನಿ.

ಈಗ ತಾಯಿಯ ಪ್ರಶ್ನೆ.

ಕನ್ನಡದಲ್ಲಿ ನಗಿಸುವ ಮಾತಿಗೆ ಇರುವ ಪದಗಳನ್ನು ಪಟ್ಟಿ ಮಾಡುತ್ತಾ ಕುಳಿತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಳ್ಳೆಯ ನಗುವಿಗೆ ಪದಗಳು ಬೆರಳೆಣಿಕೆಯಷ್ಟು. ನೋಯಿಸುವ ನಗುವಿಗೆ ಸಾಲುಗಟ್ಟಿ ನಿಂತಿವೆ: ಗೇಲಿ, ಲೇವಡಿ, ಅಣಕ, ಕುಹಕ, ಕುಚೋದ್ಯ, ಕೊಂಕು, ಕಟಕಿ, ಮೂದಲಿಕೆ, ಹಂಗಿಸುವುದು, ಆಡಿಕೊಳ್ಳುವುದು, ಚುಚ್ಚುಮಾತು. 'ಹಾಸ್ಯ'ದ ಹಿಂದೆ ಎರಡಕ್ಷರ ಸೇರಿದರೆ ಸಾಕು, 'ಅಪಹಾಸ್ಯ'. ಒಂದು ಭಾಷೆ ಇಷ್ಟು ಪದಗಳನ್ನು ಮಾಡಿಟ್ಟುಕೊಂಡಿದೆ ಎಂದರೆ ಅವುಗಳ ಅಗತ್ಯ ಅಷ್ಟು ಬಿದ್ದಿದೆ ಎಂದೇ ಅರ್ಥ. ವಿಚಿತ್ರವೆಂದರೆ ಇವುಗಳಲ್ಲಿ ಒಂದನ್ನೂ ಆಡಿದವರು ಬಳಸುವುದಿಲ್ಲ. "ನಾನು ಲೇವಡಿ ಮಾಡಿದೆ" ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಆಡಿದವರ ಬಾಯಲ್ಲಿ ಅದು ಯಾವಾಗಲೂ ತಮಾಷೆ.

ಅರಬಿ, ಉರ್ದು ಇಲ್ಲಿಯೂ ಕಟ್ಟುನಿಟ್ಟಾಗಿ ಬೇರ್ಪಡಿಸುತ್ತವೆ. 'ಮಸ್ಖರಾ' ಎಂಬ ಪದವಿದೆ. ಉರ್ದುವಿನಲ್ಲಿ ವಿದೂಷಕ. ಮರಾಠಿಯ ಮಸ್ಕರಿ, ಉತ್ತರ ಕರ್ನಾಟಕದ ಮಸ್ಕಿರಿ ಅದರ ಮಕ್ಕಳು. ಇದರ ಬೇರು ಇನ್ನೊಬ್ಬರನ್ನು ಕೀಳಾಗಿ ಕಂಡು ನಗುವುದು. ಸೂರಃ ಅಲ್ ಹುಜುರಾತ್‌ನ 11ನೆಯ ಆಯತ್‌ನಲ್ಲಿ ನಿಷೇಧಿಸಿರುವುದು ಈ ಬೇರಿನ ಕೆಲಸವನ್ನೇ. ಅಲ್ಲಿ ಒಂದು ಗುಂಪು ಇನ್ನೊಂದು ಗುಂಪನ್ನು ಎಂದು ಹೇಳಿ ಸುಮ್ಮನಾಗಿಲ್ಲ, ಹೆಂಗಸರು ಹೆಂಗಸರನ್ನು ಎಂದು ಬೇರೆಯಾಗಿಯೇ ಹೇಳಿದೆ. ಅಡ್ಡಹೆಸರು ಇಟ್ಟು ಕರೆಯುವುದೂ ಅದೇ ಆಯತ್‌ನಲ್ಲಿದೆ.

ಮತ್ತೊಂದು ಪದ 'ತಾನಾ'. ಅರಬಿಯಲ್ಲಿ ಇದರ ನೇರ ಅರ್ಥ ಈಟಿಯಿಂದ ಇರಿಯುವುದು. ಪ್ಲೇಗ್ ರೋಗಕ್ಕೆ ಹೇಳುವ 'ತಾಊನ್' ಕೂಡ ಈ ಬೇರಿನದೇ. ನಮ್ಮ 'ಚುಚ್ಚುಮಾತು' ಬೇರೆ ದಾರಿಯಿಂದ ಬಂದು ಅದೇ ಜಾಗದಲ್ಲಿ ನಿಂತಿದೆ. ಎಲ್ಲೆಲ್ಲಿಯೂ ಮನುಷ್ಯರಿಗೆ ಅದು ಚುಚ್ಚಿದಂತೆಯೇ ಅನಿಸಿದೆ.

ದಾವಣಗೆರೆಯ ಸಹೋದರಿ, ನಿಮ್ಮ ಬಳೆ ಅಂಗಡಿ ಲತೀಫಾ ಅಲ್ಲ. ಒಂದೇ ಸಲ, ಮಕ್ಕಳ ಮೇಲಿನ ಮುದ್ದಿನಿಂದ, ನೀವೂ ನಗುವ ಹಾಗೆ ಹೇಳಿದ್ದರೆ ಆಗುತ್ತಿತ್ತೇನೋ. ಮೂರು ಹೆಣ್ಣಾಯಿತಲ್ಲ ಎಂಬುದು ಒಳಗಿರುವಾಗ, ನಿಮ್ಮ ಮುಖ ಸಪ್ಪಗಾದದ್ದನ್ನು ಕಂಡ ಮೇಲೂ ಪ್ರತಿ ಈದ್‌ಗೆ ಹೇಳಿದರೆ ಅದಕ್ಕೆ ಪದ ತಾನಾ. ಕನ್ನಡದಲ್ಲಿ ಮೂದಲಿಕೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುವುದು ಗಾಯದ ಮೇಲೆ ಕೈಯಿಟ್ಟು, ನಿನಗೆ ಚರ್ಮ ತೆಳು ಎಂದು ದೂರುವುದು. ಮುಂದಿನ ಸಲ ಅವರ ಮುಂದೆ ಈ ಪದವನ್ನೇ ಹೇಳಿ ನೋಡಿ, ಜಗಳದ ದನಿಯಲ್ಲಲ್ಲ: "ಮಜಾಖ್ ಅಲ್ಲ ಮಾಮಿ, ಇದು ತಾನಾ." ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಅವರಿಗಾದರೂ ಸರಿಯಾದ ಪದ ಗೊತ್ತಿರಲಿ. ಹೇಳಿದರೆ ಸಂಬಂಧ ಕೆಡುತ್ತದೆ ಎನ್ನಬೇಡಿ. ಎಷ್ಟು ಕೆಟ್ಟಿದೆ ಎಂಬುದು ಆಡಿದವರಿಗೆ ಗೊತ್ತೇ ಇರುವುದಿಲ್ಲ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಆಡಿದವರ ಸಾಲಿನಲ್ಲಿ ನಾನೂ ಇದ್ದವಳು.

ನಮ್ಮ ದೊಡ್ಡಣ್ಣನ ಹೆಂಡತಿ ಮದುವೆಯಾಗಿ ಬಂದ ಎರಡನೇ ವಾರ ಮೊದಲ ಬಾರಿಗೆ ಬಿರಿಯಾನಿ ಮಾಡಿದ್ದರು. ಇಪ್ಪತ್ತು ಜನರ ಊಟ. ಅಕ್ಕಿ ಹೆಚ್ಚು ಬೆಂದು ಮುದ್ದೆಯಾಗಿತ್ತು. ನಾನು ಆಗ ಕಾಲೇಜು ಹುಡುಗಿ, ಬಾಯಿ ಜೋರು. ದಸ್ತರ್‌ಖಾನ್‌ನಲ್ಲಿ ಎಲ್ಲರ ಮುಂದೆ "ಖಿಚಡಿ ಭಾಬಿ" ಎಂದೆ. ನಗು ಅಲೆಯಂತೆ ಎದ್ದಿತು. ಭಾಬಿಯೂ ನಕ್ಕರು. ಆ ನಗುವನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಹೆಸರು ನಿಂತುಬಿಟ್ಟಿತು. ಮಕ್ಕಳು 'ಖಿಚಡಿ ಮಾಮಿ' ಎಂದವು, ಮದುವೆಯ ಕರೆಯೋಲೆ ಕೊಡಲು ಬಂದ ಅಕ್ಕಪಕ್ಕದವರೂ ಹಾಗೆಯೇ ಕರೆದರು.

ಆಮೇಲೆ ಹದಿನೆಂಟು ವರ್ಷ ಆ ಮನೆಯಲ್ಲಿ ನೆಂಟರು ಬಂದಾಗ ಬಿರಿಯಾನಿ ಆದದ್ದೆಲ್ಲ ಬಾಡಿಗೆಯ ಬಾವರ್ಚಿಯಿಂದ. ಐದು ಜನ ಬಂದರೂ ಬಾವರ್ಚಿ. ಭಾಬಿಗೆ ಸೋಮಾರಿತನ, ಅಣ್ಣನ ದುಡ್ಡು ನೀರಿನಂತೆ ಹೋಗುತ್ತಿದೆ ಎಂದು ನಾನು ಅಮ್ಮಿಯ ಹತ್ತಿರ ಹೇಳಿದ್ದೂ ಉಂಟು. ಒಂದು ಬಕ್ರೀದ್‌ನಲ್ಲಿ ಅವರ ಮಗಳು ನನ್ನ ಪಕ್ಕ ಕುಳಿತು ಸಹಜವಾಗಿ ಹೇಳಿದಳು: "ಅಮ್ಮಿ ನಮಗೆ ಮಾತ್ರ ಇದ್ದಾಗ ಮಾಡ್ತಾರೆ ಫುಪ್ಪು. ತುಂಬ ಚೆನ್ನಾಗಿರತ್ತೆ. ನೀವೆಲ್ಲ ಬಂದಾಗ ಮಾಡೋಕೆ ಅವರಿಗೆ ಕೈ ನಡುಗತ್ತೆ."

ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಆವತ್ತೇ ಅಡುಗೆಮನೆಗೆ ಹೋಗಿ ಭಾಬಿಯ ಹತ್ತಿರ ಮಾಫಿ ಕೇಳಿದೆ. ಅವರು ತಟ್ಟೆ ತೊಳೆಯುತ್ತಾ "ಆಯ್ತು ಬಿಡು" ಅಂದರು. ಅಷ್ಟೇ. ಹದಿನೆಂಟು ವರ್ಷ ಒಂದು ಮಾಫಿಯಿಂದ ವಾಪಸು ಬರುವುದಿಲ್ಲ, ನಾನೂ ನಿರೀಕ್ಷಿಸಲಿಲ್ಲ. ಆದರೆ ಅದಾದ ಎರಡನೇ ವರ್ಷ ನಾವು ಹೋದಾಗ ಬಾವರ್ಚಿ ಇರಲಿಲ್ಲ. ದೇಗಿನ ಮುಚ್ಚಳ ತೆಗೆದಾಗ ಅಕ್ಕಿ ಎಳೆ ಎಳೆಯಾಗಿ ನಿಂತಿತ್ತು. ಯಾರೂ ಏನೂ ಹೇಳಲಿಲ್ಲ. ನಾನು ಮೂರು ಸಲ ಬಡಿಸಿಕೊಂಡೆ.

ಈ ಲೇಖನಕ್ಕೆ ಅವರ ಕಥೆ ಬಳಸಬಹುದೇ ಎಂದು ಕೇಳಲು ಮೊನ್ನೆ ಫೋನ್ ಮಾಡಿದ್ದೆ. ಲತೀಫಾದ ಅರ್ಥ, ಉಪ್ಪು, ಹಣ್ಣು, ಪಾತ್ರೆ ಎಲ್ಲ ಹೇಳಿದೆ. ಭಾಬಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಬರಿ, ಬೇಡ ಅನ್ನಲ್ಲ. ಆದರೆ ಅಕ್ಕಿ ಯಾಕೆ ಮುದ್ದೆ ಆಯ್ತು ಅಂತಲೂ ಬರಿ. ನಾನು ದಮ್‌ಗೆ ಇಟ್ಟು ಇಳಿಸೋ ಹೊತ್ತಿಗೆ ನೀನು ಬಾಗಿಲಲ್ಲಿ ಅಡ್ಡ ನಿಂತು ಅರ್ಧ ಗಂಟೆ ಲತೀಫಾ ಹೇಳ್ತಿದ್ದೆ. ಹೊಸ ಮದುಮಗಳು, ನಾದಿನಿ ಮಾತು ಮಧ್ಯದಲ್ಲಿ ಬಿಟ್ಟು ಹೇಗೆ ಏಳಲಿ?"